ಒಂದು ಬೆರಳು ಸಡಿಲ

ನ್ಯಾಮತಿ
ಫೆಬ್ರವರಿ 3, 2025

ಶ್ರೀ ಕೆಂಚೇಶ್ ಅವರಿಗೆ,

ಜನವರಿ ಇಪ್ಪತ್ತೇಳರಂದು ನೀವು ಬರೆದ ಪತ್ರದಲ್ಲಿರುವ ತಪ್ಪನ್ನು ಮೊದಲು ತಿದ್ದಬೇಕು. ಅಪಘಾತ ನಡೆದದ್ದು ‘ಹನ್ನೊಂದನೇ ತಾರೀಕು ಶನಿವಾರ’ ಅಲ್ಲ. ಜನವರಿ ಹತ್ತು, ಶುಕ್ರವಾರ. ‘ಸಾಸ್ವೆಹಳ್ಳಿ ಊರೊಳಗೆ’ ಎಂಬುದೂ ಸರಿಯಲ್ಲ. ಸಾಸ್ವೆಹಳ್ಳಿ ದಾಟಿ ಬಸವಾಪಟ್ಟಣದ ಕಡೆಗೆ ಹೋಗುವ ದಾರಿಯಲ್ಲಿ, ಕಾಲುವೆಯ ಏರಿಯಿಂದ ರಸ್ತೆ ಇಳಿಯುವ ತಿರುವಿನಲ್ಲಿ ನಡೆಯಿತು. ನನ್ನ ಮಗಳು ಶಾಂತಲಾ ನನ್ನ ಸ್ಕೂಟರಿನಲ್ಲಿ ಇಳಿಯುತ್ತಿದ್ದಳು. ಕೆಳಗೆ ಹುಲ್ಲು ಹೇರಿದ ಟ್ರ್ಯಾಕ್ಟರ್ ನಿಂತಿತ್ತು. ಬ್ರೇಕು ಹಿಡಿಯಲಿಲ್ಲ. ‘ಆಸ್ಪತ್ರೆಯಲ್ಲಿ ತೀರಿಕೊಂಡರು’ ಎಂದು ನೀವು ಬರೆದಿದ್ದೀರಿ. ಅವಳು ಆಸ್ಪತ್ರೆಯವರೆಗೆ ಹೋಗಲಿಲ್ಲ.

ಕರೆ ಮಾಡಿದರೆ ನಾನು ಎತ್ತುತ್ತಿಲ್ಲ ಎಂದು ದೂರಿದ್ದೀರಿ. ನಾನು ಮೊಬೈಲು ಬಳಸುವುದನ್ನು ಬಿಟ್ಟಿದ್ದೇನೆ. ಅದನ್ನು ಬೀರುವಿನಲ್ಲಿ ಇಟ್ಟಿದ್ದೇನೆ. ಏನಿದ್ದರೂ ಬರೆದು ತಿಳಿಸತಕ್ಕದ್ದು.

ನಿಮ್ಮ ಮೇಲೆ ನಾನು ಸುಳ್ಳು ದೂರು ಕೊಟ್ಟಿಲ್ಲ. ಶಾಂತಲಾ ಚನ್ನಗಿರಿಯಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿದ್ದಳು, ಹಳ್ಳಿಗಳನ್ನು ಸುತ್ತಬೇಕಾಗಿತ್ತು. ನನ್ನ ಕಣ್ಣು ಮಂಜಾದ ಕಾರಣ ಸ್ಕೂಟರನ್ನು ಅವಳಿಗೇ ಕೊಡಲು ನಿಶ್ಚಯಿಸಿದೆ. ಕೊಡುವ ವಸ್ತುವನ್ನು ಸುಸ್ಥಿತಿಯಲ್ಲಿ ಕೊಡಬೇಕೆಂದು ಜನವರಿ ಎಂಟರಂದು ಹೊನ್ನಾಳಿಯ ನಿಮ್ಮ ಗ್ಯಾರೇಜಿಗೆ ತಂದೆ. ನೀವು ಎಂಜಿನ್ ಆಯಿಲ್ ಬದಲಿಸಿದಿರಿ, ಏರ್ ಫಿಲ್ಟರ್ ಬದಲಿಸಿದಿರಿ, ಎರಡೂ ಚಕ್ರಗಳಿಗೆ ಹೊಸ ಬ್ರೇಕ್ ಶೂ ಹಾಕಿ ಹೊಂದಿಸಿಕೊಟ್ಟಿರಿ. ಹತ್ತರಂದು ಅವಳು ಸತ್ತಳು. ಮೋಟಾರು ವಾಹನ ನಿರೀಕ್ಷಕರ ವರದಿ ಹೀಗಿದೆ: ‘ಎರಡೂ ಬ್ರೇಕ್ ಶೂಗಳು ಅತಿಯಾಗಿ ಕಾದು ಸುಟ್ಟಿವೆ; ಹೊಂದಾಣಿಕೆ ದೋಷಪೂರ್ಣ.’ ಹೊಂದಿಸಿದವರು ಯಾರು ಎಂದು ಪೊಲೀಸರು ಕೇಳಿದರು. ನಿಮ್ಮ ಹೆಸರು ಹೇಳಿದೆ. ಅಷ್ಟೇ.

ಇತಿ,
ವಿರೂಪಾಕ್ಷಪ್ಪ
ನಿವೃತ್ತ ಮುಖ್ಯೋಪಾಧ್ಯಾಯ

———

ಬಿಳಿಚೋಡು, ಜಗಳೂರು ತಾಲ್ಲೂಕು
ಫೆಬ್ರವರಿ 19, 2025

ಪೂಜ್ಯ ಮೇಷ್ಟ್ರಿಗೆ ಕೆಂಚೇಶ್ ಮಾಡುವ ನಮಸ್ಕಾರಗಳು.

ತಾರೀಕು ತಪ್ಪು ಬರೆದದ್ದಕ್ಕೆ ಕ್ಷಮೆ ಇರಲಿ. ಆ ವಾರ ನನಗೆ ದಿನಗಳ ಲೆಕ್ಕವೇ ಸಿಗಲಿಲ್ಲ. ಮೇಷ್ಟ್ರೇ, ಎಂಟನೇ ಕ್ಲಾಸಿನಿಂದ ನೀವು ನನ್ನನ್ನು ‘ಲೋ ಕೆಂಚ’ ಎಂದು ಕರೆದವರು. ಹಾಸ್ಟೆಲಿನ ಹುಡುಗ ಎಂದು ಪರೀಕ್ಷೆಯ ದಿನ ನಿಮ್ಮ ಮನೆಯಲ್ಲೇ ಊಟ ಹಾಕಿದವರು. ಶಾಂತಲಕ್ಕ ಆಗ ಇನ್ನೂ ಹೈಸ್ಕೂಲಿನಲ್ಲಿದ್ದರು. ನನ್ನ ತಟ್ಟೆಗೆ ಅವರೇ ಬಡಿಸಿದ್ದರು. ಈಗ ನೀವು ನನಗೆ ‘ನೀವು’ ಎಂದು ಬರೆದಿದ್ದೀರಿ. ಪೊಲೀಸಿನವರು ಗ್ಯಾರೇಜಿಗೆ ಬಂದ ದಿನಕ್ಕಿಂತ ಆ ಪತ್ರ ಬಂದ ದಿನ ನನಗೆ ಹೆಚ್ಚು ಹೆದರಿಕೆಯಾಯಿತು.

ಮೇಲಿನ ವಿಳಾಸ ನೋಡಿರಬಹುದು. ಹೊನ್ನಾಳಿಯ ಗ್ಯಾರೇಜು ಮುಚ್ಚಿ ಅವ್ವನ ಹತ್ತಿರ ಬಂದಿದ್ದೇನೆ. ಸುದ್ದಿ ಹಬ್ಬಿದ ವಾರದಲ್ಲೇ ಒಬ್ಬೊಬ್ಬರಾಗಿ ಬಂದು ಗಾಡಿ ತೆಗೆದುಕೊಂಡು ಹೋದರು. ಒಬ್ಬ ರೈತರ ಮೊಪೆಡ್ಡಿನ ಎಂಜಿನ್ ಪೂರಾ ಬಿಚ್ಚಿ ಇಟ್ಟಿದ್ದೆ. ಅವರು ಗೋಣಿಚೀಲ ತಂದಿದ್ದರು. “ಬಿಚ್ಚಿದ್ದು ಬಿಚ್ಚಿದಂಗೇ ತುಂಬಿ ಕೊಡಪ್ಪ” ಎಂದರು. “ಸಂಜೀಗೆ ಜೋಡಿಸಿಕೊಡ್ತೀನಿ, ನಿಲ್ರಿ” ಎಂದೆ. “ಬ್ಯಾಡಪ್ಪ, ಬಿಡಿಬಿಡಿ ಇದ್ರೆ ಯಾರ್ನೂ ಕೊಲ್ಲಲ್ಲ” ಎಂದು ನಕ್ಕರು. ಪಕ್ಕದ ಪಂಕ್ಚರ್ ಅಂಗಡಿಯವರೂ ನಕ್ಕರು. ನಾನು ಚೀಲದ ಬಾಯಿ ಹಿಡಿದು ಒಂದೊಂದೇ ಸಾಮಾನು ಹಾಕಿದೆ. ಹತ್ತು ವರ್ಷದ ಗ್ಯಾರೇಜು ಮೇಷ್ಟ್ರೇ.

ಜಗಳೂರಿನಲ್ಲಿ ಶಾಲೆಯ ವ್ಯಾನುಗಳನ್ನು ನೋಡಿಕೊಳ್ಳುವ ಕೆಲಸ ಇದೆ ಎಂದರು, ಹೋದೆ. ಅವರು ಹೇಳಿದ್ದು ಒಂದೇ: “ಮಕ್ಕಳು ಓಡಾಡೋ ಗಾಡಿ ಅವು. ಕೇಸು ಮುಗಿಸ್ಕಂಡು ಬಾ.”

ಈಗ ನಾನು ಕೇಳಬೇಕಾದದ್ದನ್ನು ಕೇಳುತ್ತೇನೆ. ಬ್ರೇಕ್ ಲಿವರ್ ಒತ್ತಿದಾಗ ಮೊದಲ ಒಂದು ಬೆರಳಿನಷ್ಟು ಸಡಿಲವಾಗಿ ಒಳಗೆ ಬರಬೇಕು, ಆಮೇಲೆ ಬ್ರೇಕು ಹಿಡಿಯಬೇಕು. ಆ ಸಡಿಲ ಇಲ್ಲದಿದ್ದರೆ ಲಿವರ್ ಮುಟ್ಟದಿದ್ದರೂ ಶೂ ಚಕ್ರದೊಳಗಿನ ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತದೆ. ನಾಲ್ಕು ಕಿಲೋಮೀಟರಿಗೆ ಬೆಚ್ಚಗಾಗುತ್ತದೆ, ಹತ್ತಕ್ಕೆ ಕಾಯುತ್ತದೆ, ಇಪ್ಪತ್ತಕ್ಕೆ ಶೂ ಮೇಲ್ಮೈ ಸುಟ್ಟು ಗಾಜಿನಂತಾಗುತ್ತದೆ. ಆಗ ಎಷ್ಟು ಹಿಡಿದರೂ ಜಾರುತ್ತದೆಯೇ ಹೊರತು ನಿಲ್ಲುವುದಿಲ್ಲ. ಅದಕ್ಕೇ ನಾನು ಆ ಸಡಿಲ ಬಿಟ್ಟು ಕೊಟ್ಟಿದ್ದೆ. ಕೈಯಿಂದ ಎರಡೂ ಚಕ್ರ ತಿರುಗಿಸಿ ನೋಡಿದ್ದೆ.

ನನಗೆ ಒಂದು ಪದ್ಧತಿ ಇದೆ. ಬ್ರೇಕ್ ಹೊಂದಿಸಿದ ಮೇಲೆ ಹೊಂದಾಣಿಕೆಯ ನಟ್ಟಿನಿಂದ ಅದು ಕೂತಿರುವ ಕಂಬಿಯವರೆಗೆ ಕೆಂಪು ಬಣ್ಣದ ಒಂದು ಗೆರೆ ಎಳೆಯುತ್ತೇನೆ. ಬಣ್ಣ ನನ್ನ ಹೆಂಡತಿಯ ಉಗುರಿನದು. ಗೆರೆ ಕೂಡಿದ್ದರೆ ನಟ್ಟು ನಾನು ಬಿಟ್ಟ ಹಾಗೇ ಇದೆ. ಗೆರೆ ಮುರಿದಿದ್ದರೆ ಯಾರೋ ತಿರುಗಿಸಿದ್ದಾರೆ. ನಿಮ್ಮ ಗಾಡಿಗೂ ಎಳೆದಿದ್ದೆ.

ನನ್ನ ಕೈಯಿಂದ ಹೋದ ಮೇಲೆ ಆ ನಟ್ಟುಗಳನ್ನು ಯಾರಾದರೂ ಮುಟ್ಟಿದರೇ?

ನಿಮ್ಮ ಶಿಷ್ಯ,
ಕೆಂಚೇಶ್

———

ನ್ಯಾಮತಿ
ಮಾರ್ಚ್ 10, 2025

ಕೆಂಚೇಶ್ ಅವರಿಗೆ,

ನಿಮ್ಮ ಪತ್ರ ಫೆಬ್ರವರಿ ಇಪ್ಪತ್ತೆರಡಕ್ಕೆ ತಲುಪಿತು. ಉತ್ತರ ತಡವಾದುದಕ್ಕೆ ಕಾರಣ ನನ್ನ ಪತ್ನಿ ಶಂಕ್ರಮ್ಮನ ಅನಾರೋಗ್ಯ. ಅವಳು ಊಟ ಮಾಡುತ್ತಾಳೆ, ಮನೆಗೆಲಸ ಮಾಡುತ್ತಾಳೆ. ಮಾತನಾಡುವುದನ್ನು ಬಹುಮಟ್ಟಿಗೆ ಬಿಟ್ಟಿದ್ದಾಳೆ. ವೈದ್ಯರು ಇದಕ್ಕೆ ಔಷಧವಿಲ್ಲ, ಕಾಲ ಸರಿಯಬೇಕು ಎಂದರು.

‘ಒಂದು ಬೆರಳು’ ಎಂಬುದು ಅಳತೆಯಲ್ಲ. ಬೆರಳುಗಳು ಒಬ್ಬೊಬ್ಬರಿಗೆ ಒಂದೊಂದು ರೀತಿ. ವಾಹನದ ಕೈಪಿಡಿಯ ಮೂವತ್ತೆಂಟನೆಯ ಪುಟದಲ್ಲಿ ‘ಲಿವರಿನ ತುದಿಯಲ್ಲಿ ಹತ್ತರಿಂದ ಇಪ್ಪತ್ತು ಮಿಲಿಮೀಟರ್’ ಎಂದು ಸ್ಪಷ್ಟವಾಗಿ ಮುದ್ರಿಸಿದ್ದಾರೆ. ಚಕ್ರಗಳಿಗೆ ತುಂಬಬೇಕಾದ ಗಾಳಿ, ಆಯಿಲ್ ಬದಲಿಸುವ ಅವಧಿ, ಸ್ಪಾರ್ಕ್ ಪ್ಲಗ್ಗಿನ ಅಂತರ, ಇವೆಲ್ಲವೂ ನನಗೆ ಕಂಠಪಾಠ. ಆ ಪುಟವನ್ನು ಮಾತ್ರ ನಾನು ಓದಿದ್ದು ಈಗ.

ಉಳಿದ ಪ್ರಶ್ನೆ ನ್ಯಾಯಾಲಯದ ಪರಿಶೀಲನೆಯಲ್ಲಿದೆ. ಅದರ ಬಗ್ಗೆ ಬರೆಯುವುದು ಉಚಿತವಲ್ಲ.

ಇತಿ,
ವಿರೂಪಾಕ್ಷಪ್ಪ

———

ಬಿಳಿಚೋಡು
ಏಪ್ರಿಲ್ 2, 2025

ಪೂಜ್ಯ ಮೇಷ್ಟ್ರಿಗೆ,

ಅಮ್ಮನವರ ಆರೋಗ್ಯದ ವಿಷಯ ಓದಿ ಬೇಸರವಾಯಿತು. ನನ್ನ ಅವ್ವ ಕೆಂಪಕ್ಕ ನಿಮ್ಮ ಪತ್ರವನ್ನು ನನ್ನಿಂದ ಓದಿಸಿಕೊಂಡಳು. “ಇಷ್ಟುದ್ದ ಬರ್ದಾರೆ, ಕೇಳಿದ್ದೊಂದು ಬಿಟ್ಟು ಎಲ್ಲಾ ಐತೆ” ಎಂದಳು. ನಾನು ಅವಳನ್ನು ಗದರಿದೆ.

ಹೋದ ವಾರ ಹೊನ್ನಾಳಿಗೆ ವಕೀಲರನ್ನು ನೋಡಲು ಬಂದವನು ಸಾಸ್ವೆಹಳ್ಳಿಗೂ ಹೋದೆ. ಬಸ್ ನಿಲ್ದಾಣದ ಹತ್ತಿರ ಉಡಚಮ್ಮ ಎನ್ನುವವರ ಟೀ ಅಂಗಡಿ ಇದೆ. ಆ ದಿನ ಶಾಂತಲಕ್ಕ ಅಲ್ಲಿ ಗಾಡಿ ನಿಲ್ಲಿಸಿದ್ದರು ಎಂದು ಯಾರೋ ಹೇಳಿದ್ದರು. ಉಡಚಮ್ಮ ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

“ಬಂದಿದ್ಲಪ್ಪ. ಟೀ ಬ್ಯಾಡ, ಒಂದು ಚೆಂಬು ನೀರು ಕೊಡಮ್ಮ ಅಂದ್ಲು. ಕುಡಿಯಾಕೆ ಅಂದ್ಕಂಡೆ. ನೋಡಿದ್ರೆ ಗಾಡಿ ಚಕ್ರಕ್ಕೆ ಸುರುವಿದ್ಲು. ಚುಂಯ್ ಅಂತು! ‘ಏನವ್ವ, ಗಾಡಿಗೆ ಒಗ್ಗರಣೆ ಹಾಕ್ತೀಯೇನು?’ ಅಂದೆ. ಅವಳೂ ನಕ್ಳು. ‘ಏನೋ ಸುಟ್ಟ ವಾಸ್ನೆ ಬರ್ತೈತೆ ಅಮ್ಮ, ಮುಂದಕ್ಕೂ ಹೋಗಂಗಿಲ್ಲ’ ಅಂದ್ಲು. ‘ಹಂಗಿದ್ರೆ ಇಲ್ಲೇ ಬಿಟ್ಟು ಬಸ್ಸಿಗೆ ಹೋಗವ್ವ, ನಾನು ನೋಡ್ಕಂತೀನಿ’ ಅಂದೆ. ‘ತಡೀರಿ, ಕೇಳ್ತೀನಿ’ ಅಂತ ಫೋನ್ ಹಚ್ಚಿದ್ಲು. ಮಾತಾಡಿದ್ಲು. ಇಟ್ಟು, ‘ಏನೂ ಆಗಲ್ವಂತೆ’ ಅಂದ್ಲು. ಚೆಂಬು ತೊಳೆದು ಕೊಟ್ಟು ಹೋದ್ಲು. ಎಂಥಾ ಹುಡುಗಿ ಅಂತೀಯ, ಚಕ್ರಕ್ಕೆ ಸುರುವಿದ ಚೆಂಬು ಅಂತ ತೊಳೆದು ಕೊಟ್ಳು.”

ಫೋನ್ ಮಾಡಿದ್ದು ಯಾರಿಗೆ ಎಂದು ನಾನು ಕೇಳಿದೆ. ಉಡಚಮ್ಮ ಹೇಳಿದರು. ಅದನ್ನು ನಾನು ಈ ಪತ್ರದಲ್ಲಿ ಬರೆಯುವುದಿಲ್ಲ. ವಕೀಲರಿಗೂ ಹೇಳಿಲ್ಲ. ಹೇಳಬೇಕಾದವರು ನಾನಲ್ಲ ಎಂದು ಅನ್ನಿಸಿತು.

ಸ್ಕೂಟರು ಇನ್ನೂ ಠಾಣೆಯ ಅಂಗಳದಲ್ಲೇ ಇದೆ. ಬೇಲಿಯಾಚೆಯಿಂದ ನೋಡಿದೆ. ನಟ್ಟು ಕಾಣಲಿಲ್ಲ. ಗೆರೆಯನ್ನು ಪರೀಕ್ಷೆ ಮಾಡಿಸಿ ಎಂದು ವಕೀಲರು ಅರ್ಜಿ ಹಾಕಿದ್ದಾರೆ.

ನಿಮ್ಮ ಶಿಷ್ಯ,
ಕೆಂಚೇಶ್

———

ನ್ಯಾಮತಿ
ಜೂನ್ 16, 2025

ಕೆಂಚೇಶ್,

ಎರಡು ತಿಂಗಳಿಗೂ ಮಿಕ್ಕಿ ನಿನಗೆ ಬರೆಯಲಿಲ್ಲ. ಬರೆದವು ಮೂರು, ಮೂರನ್ನೂ ಹರಿದೆ.

ಸ್ಕೂಟರು ಜೂನ್ ಹನ್ನೊಂದರಂದು ಮನೆಗೆ ಬಂದಿತು. ಪ್ರಕರಣ ಮುಗಿಯುವವರೆಗೆ ಮಾರಕೂಡದು, ಯಾವುದೇ ಭಾಗವನ್ನು ಬದಲಿಸಕೂಡದು ಎಂದು ಬರೆಸಿಕೊಂಡು, ಮಾಲೀಕನಾದ ನನ್ನ ವಶಕ್ಕೆ ಬಿಟ್ಟಿದ್ದಾರೆ. ಸಣ್ಣ ಗಾಡಿಯೊಂದರಲ್ಲಿ ಹಗ್ಗ ಬಿಗಿದು ತಂದರು. ಮುಂಭಾಗ ಹಿಂದಕ್ಕೆ ಮಡಚಿಕೊಂಡಿದೆ, ದೀಪವಿಲ್ಲ. ಹಿಂದಿನ ಚಕ್ರಕ್ಕೆ ಏನೂ ಆಗಿಲ್ಲ. ಹಿತ್ತಲಿನ ಬಚ್ಚಲ ಒಲೆಯ ಪಕ್ಕದಲ್ಲಿ ನಿಲ್ಲಿಸಿ ತಾಡಪಾಲು ಹೊದಿಸಿದ್ದೇನೆ. ಶಂಕ್ರಮ್ಮ ಅಂದಿನಿಂದ ನೀರು ಕಾಯಿಸಲು ಹಿತ್ತಲಿಗೆ ಬರುವುದಿಲ್ಲ. ತಣ್ಣೀರಿನಲ್ಲೇ ಸ್ನಾನ ಮಾಡುತ್ತಾಳೆ.

ನಿನ್ನೆ, ಭಾನುವಾರ, ಚನ್ನಗಿರಿಯಿಂದ ಅಳಿಯ ರೇಣುಕಪ್ರಸಾದ್ ಬಂದಿದ್ದರು. ಜೊತೆಗೆ ಶಾಂತಲಾಳ ಮಗಳು ಮಾಲಾ. ಅವಳಿಗೆ ಐದು ವರ್ಷ. ರೇಣುಕಪ್ರಸಾದ್ ಅಡಿಕೆ ವ್ಯಾಪಾರದವರು, ಮಾತು ಕಡಿಮೆ. ಐದು ತಿಂಗಳಿಂದ ಅವರ ಕೋಪಕ್ಕೆ ನಿನ್ನ ಹೆಸರೊಂದೇ ಊರುಗೋಲಾಗಿದೆ. ತಾಡಪಾಲು ಎತ್ತಿ ಹಿಂದಿನ ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದರು.

“ಮಾವಾರೆ, ಇಲ್ಲಿ ಕೆಂಪು ಬಣ್ಣ ಐತಲ್ಲ, ಇದನ್ನೇ ಹಿಡ್ಕಂಡು ಕುಂತಾನಂತೆ ಅವನ ವಕೀಲ. ಗೆರೆ ಮುರಿದೈತೆ, ಬ್ಯಾರೆ ಯಾರೋ ತಿರುಗಿಸ್ಯಾರೆ ಅನ್ನಾಕೆ.”

ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

“ಅವನೇ ಆಮ್ಯಾಲೆ ಠಾಣೆಯಾಗೆ ಯಾರನ್ನೋ ಹಿಡಿದು ಬಳಿಸಿರ್ಬೇಕು. ಒಂದು ಬಟ್ಟೆಗೆ ಸೀಮೆಎಣ್ಣೆ ಹಚ್ಚಿ ಒರೆಸಿ ಹಾಕ್ರಿ. ನಾನೇ ಒರೆಸಲೇನು?”

“ಬೇಡ” ಎಂದೆ.

“ಸರಿ, ನೀವೇ ಒರೆಸ್ರಿ. ನಿಮ್ಮ ಕೈ ನಮ್ಮಂಗಲ್ಲ, ಅಚ್ಚುಕಟ್ಟು.”

ಮಾಲಾ ಒಳಗಿನಿಂದ ಓಡಿಬಂದು “ಇದು ಅಮ್ಮನ ಗಾಡಿ” ಎಂದಳು. ಅವರು ಅವಳನ್ನು ಎತ್ತಿಕೊಂಡು ಹೊರಟುಹೋದರು.

ಅವರು ಹೋದ ಮೇಲೆ ನಾನೂ ಕುಳಿತು ನೋಡಿದೆ. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ನಟ್ಟಿನ ಮೇಲೆ ಅರ್ಧ ಗೆರೆ ಇದೆ, ಕಂಬಿಯ ಮೇಲೆ ಅರ್ಧ ಗೆರೆ ಇದೆ. ಅವು ಒಂದಕ್ಕೊಂದು ಕೂಡುವುದಿಲ್ಲ. ನಟ್ಟನ್ನು ಎರಡೂವರೆ ಸುತ್ತು ಹಿಂದಕ್ಕೆ ತಿರುಗಿಸಿದರೆ ಕೂಡುತ್ತವೆ.

ಎರಡೂವರೆ ಎಂದು ಎಣಿಸಿ ನೋಡಬೇಕಾಗಿಲ್ಲ. ನನಗೆ ಗೊತ್ತು.

ಹಿಂದಿನದನ್ನು ಎರಡೂವರೆ ಸುತ್ತು, ಮುಂದಿನದನ್ನು ಒಂದೂವರೆ ಸುತ್ತು ಬಿಗಿಮಾಡಿದವನು ನಾನು. ಜನವರಿ ಒಂಬತ್ತರ ಸಂಜೆ. ಮರುದಿನ ಬೆಳಿಗ್ಗೆ ಅವಳು ಹೊರಡುವವಳಿದ್ದಳು. ಲಿವರ್ ಒತ್ತಿ ನೋಡಿದರೆ ಅದು ಸಡಿಲವಾಗಿ ಒಳಗೆ ಹೋಗುತ್ತಿತ್ತು. ಹೊಸ ಶೂ ಹಾಕಿದ ಮೇಲೂ ಇದೆಂಥ ಉಡಾಫೆಯ ಕೆಲಸ ಎಂದುಕೊಂಡೆ. ನೀನು ಎಂಟನೆಯ ತರಗತಿಯಲ್ಲಿ ಅರ್ಧ ಬರೆದು ಒಪ್ಪಿಸುತ್ತಿದ್ದ ಲೆಕ್ಕಗಳು ನೆನಪಾದವು. ಕೆಂಪು ಬಣ್ಣವೂ ಕಂಡಿತು. ಕೈಗೆ ಅಂಟಿದ್ದನ್ನು ಒರೆಸಿರಬೇಕು ಎಂದು ಭಾವಿಸಿದೆ. ಸ್ಪ್ಯಾನರ್ ತಂದು, ಲಿವರ್ ಮುಟ್ಟಿದೊಡನೆ ಬ್ರೇಕು ಹಿಡಿಯುವಂತೆ ಬಿಗಿಮಾಡಿದೆ. ಚಕ್ರವನ್ನು ತಿರುಗಿಸಿ ನೋಡಲಿಲ್ಲ. ನೀನು ಫೆಬ್ರವರಿಯಲ್ಲಿ ಕೇಳಿದ ಪ್ರಶ್ನೆಗೆ ಇದು ಉತ್ತರ.

ಸೀಮೆಎಣ್ಣೆಯ ಬಾಟಲಿ ಬಚ್ಚಲ ಗೂಡಿನಲ್ಲೇ ಇತ್ತು. ಹಳೆಯ ಬನಿಯನ್ನಿನ ತುಂಡಿಗೆ ಸುರಿದುಕೊಂಡು ಚಕ್ರದ ಮುಂದೆ ಕುಳಿತೆ. ಮುಂದಿನದನ್ನು ಇಂದು ಬರೆಯಲಾರೆ.

ವಿರೂಪಾಕ್ಷಪ್ಪ

———

ಬಿಳಿಚೋಡು
ಜುಲೈ 8, 2025

ಮೇಷ್ಟ್ರಿಗೆ,

ನಿಮ್ಮ ಪತ್ರವನ್ನು ಹಿಡಿದುಕೊಂಡು ಕುರಿಹಟ್ಟಿಯ ಹಿಂದೆ ಕುಳಿತು ಓದಿದೆ. ಮನೆಯಲ್ಲಿ ಓದಲಾಗಲಿಲ್ಲ. ಮೊದಲು ನನಗೆ ಬಂದದ್ದು ಸಿಟ್ಟು. ಎಷ್ಟು ಸಿಟ್ಟು ಎಂದರೆ ಆ ಕಾಗದ ತೆಗೆದುಕೊಂಡು ಅದೇ ದಿನ ಹೊನ್ನಾಳಿ ಕೋರ್ಟಿಗೆ ಓಡಬೇಕು ಎನ್ನಿಸಿತು. ಐದು ತಿಂಗಳು ಮೇಷ್ಟ್ರೇ. ಐದು ತಿಂಗಳು ನಿಮಗೆ ಗೊತ್ತಿತ್ತು.

ವಕೀಲರಿಗೆ ತೋರಿಸಲಿಲ್ಲ. ನಿಮ್ಮ ಕಾಗದ ತೋರಿಸಿ ನಾನು ಬಿಡಿಸಿಕೊಂಡರೆ, ನೀವು ಬರೆದದ್ದನ್ನು ನಾನು ಕದ್ದಂತೆ ಆಗುತ್ತದೆ ಎನ್ನಿಸಿತು. ಒಪ್ಪಿಕೊಳ್ಳುವುದಾದರೆ ಅವರೇ ಬಂದು ಎಲ್ಲರೆದುರು ಹೇಳಲಿ ಎಂಬ ಹಟವೂ ಇರಬಹುದು.

ಆದರೆ ದಿನ ಹತ್ತಿರ ಬರುತ್ತಿದೆ. ಆಗಸ್ಟ್ ಹದಿನಾಲ್ಕಕ್ಕೆ ನನ್ನನ್ನು ಹಾಜರಾಗಲು ಹೇಳಿದ್ದಾರೆ. ಗೆರೆಯ ಅರ್ಜಿ ಏನಾಯಿತೋ ತಿಳಿಯದು. “ತಪ್ಪು ಒಪ್ಪಿಕೊಂಡುಬಿಡು ಕೆಂಚೇಶ, ಶಿಕ್ಷೆ ಕಡಿಮೆ ಮಾಡಿಸ್ತೀನಿ” ಎನ್ನುತ್ತಾರೆ ವಕೀಲರು. ಮನೆಗೆ ಬಂದು ಇದನ್ನು ಹೇಳಿದೆ. ಅವ್ವ ರಾಗಿ ಕೇರುತ್ತಿದ್ದಳು, ಮೊರ ಕೆಳಗಿಟ್ಟಳು.

“ಮಾಡದ ತಪ್ಪು ಒಪ್ಪಾಕೆ ನಿನ್ನ ನಾಲಿಗೆ ಬಾಡಿಗೀಗೆ ಬಿಟ್ಟೀಯೇನೋ?”

“ಒಪ್ಪದಿದ್ರೆ ಒಳಗೆ ಹಾಕ್ತಾರೆ ಕಣವ್ವ.”

“ಹಾಕ್ಲಿ. ಬುತ್ತಿ ತರ್ತೀನಿ. ಒಪ್ಪಿ ಬಂದ್ಯೋ, ಈ ಮನೆಯಾಗೆ ನಿನಗೆ ಮುದ್ದೆ ಇಕ್ಕಾಕಿಲ್ಲ.”

ಬಿಳಿಚೋಡಿನಲ್ಲೂ ನನಗೆ ಗಾಡಿ ಕೊಡುವವರು ಇಲ್ಲ. ಊರಿನವರು ಪಂಪ್‌ಸೆಟ್ಟು ಮಾತ್ರ ಕೊಡುತ್ತಾರೆ, ಅದು ಓಡುವುದಿಲ್ಲವಲ್ಲ ಎಂದು. ಕಳೆದ ವಾರ ದಾರಿಯಲ್ಲಿ ಒಬ್ಬರ ಸ್ಕೂಟರು ನಿಂತಿತ್ತು. ಪ್ಲಗ್ ತೆಗೆದು ಒರೆಸಿ ಹಾಕಿದೆ, ಹೊರಟಿತು. ನನ್ನ ಹೆಸರು ಕೇಳಿದ ಮೇಲೆ ಅವರು ಸ್ವಲ್ಪ ದೂರ ಹೋಗಿ, ನಿಲ್ಲಿಸಿ, ಎರಡು ಸಲ ಬ್ರೇಕು ಹಿಡಿದು ನೋಡಿ ಮುಂದೆ ಹೋದರು.

ನನಗೆ ನಿಮ್ಮಿಂದ ಬೇಕಾಗಿರುವುದು ದಯೆಯಲ್ಲ. ಆ ಬಟ್ಟೆ ಹಿಡಿದು ಕೂತವರು ಒರೆಸಿದಿರೋ ಇಲ್ಲವೋ, ಅದೊಂದನ್ನು ತಿಳಿಸಿ.

ಕೆಂಚೇಶ್

———

ನ್ಯಾಮತಿ

ಚಿರಂಜೀವಿ ಕೆಂಚೇಶನಿಗೆ,

ಒರೆಸಲಿಲ್ಲ. ಬಟ್ಟೆಯನ್ನು ಬಚ್ಚಲ ಒಲೆಗೆ ಹಾಕಿದೆ. ಸದ್ಗುಣದಿಂದಲ್ಲ ಎಂಬುದನ್ನು ನೀನು ತಿಳಿಯತಕ್ಕದ್ದು. ಕೈ ಮುಂದೆ ಹೋಗಿತ್ತು. ‘ನಿಮ್ಮ ಕೈ ಅಚ್ಚುಕಟ್ಟು’ ಎಂದು ಅಳಿಯ ಹೇಳಿದ ಮಾತು ಕಿವಿಯಲ್ಲಿತ್ತು, ಕೈ ನಿಂತಿತು.

ಜೂನ್ ಹದಿನಾರರ ನನ್ನ ಪತ್ರ ಅಪೂರ್ಣ. ನಟ್ಟಿನ ವಿಷಯವನ್ನಷ್ಟೇ ಬರೆದು, ಅದೇ ಪೂರ್ಣ ಸತ್ಯವೆಂದು ನೀನು ಓದಿಕೊಳ್ಳಲಿ ಎಂದು ಬಿಟ್ಟಿದ್ದೆ. ತಿಳಿಯದೆ ಬಿಗಿಮಾಡಿದ ನಟ್ಟನ್ನು ಯಾರಾದರೂ ಕ್ಷಮಿಸಬಹುದು. ಉಳಿದದ್ದು ಬೇರೆ. ಅದು ಉಡಚಮ್ಮನಿಂದ ನಿನಗೆ ಮೊದಲೇ ತಿಳಿದಿದೆ. ಆದರೂ ನಾನು ಬರೆಯಬೇಕು.

ನಿನ್ನ ಪತ್ರ ಬಂದ ಮೇಲೆ ಬೀರುವಿನಿಂದ ಮೊಬೈಲು ತೆಗೆದು ಚಾರ್ಜಿಗೆ ಇಟ್ಟೆ. ಜನವರಿ ಹತ್ತು, ಬೆಳಿಗ್ಗೆ ಒಂಬತ್ತು ಐವತ್ತೆರಡು. ಶಾಂತಲಾಳಿಂದ ಬಂದ ಕರೆ. ಅವಧಿ ಒಂದು ನಿಮಿಷ ನಲವತ್ತು ಸೆಕೆಂಡು. ಅವಳು ಹೇಳಿದ್ದು ಇದು:

“ಅಪ್ಪಾಜಿ, ಗಾಡಿ ಎಳೀತಾನೇ ಇಲ್ಲ ನೋಡ್ರಿ. ಚಕ್ರ ಮುಟ್ಟಾಕಾಗಲ್ಲ, ಅಷ್ಟು ಸುಡ್ತೈತೆ. ಇಲ್ಲೇ ಟೀ ಅಂಗಡಿಯಾಗೆ ಬಿಟ್ಟು ಬಸ್ಸಿಗೆ ಹೋಗ್ಲಾ?”

“ಹೊಸ ಶೂ. ಪಳಗುವವರೆಗೆ ಹಾಗೆಯೇ ಇರುತ್ತದೆ. ಏನೂ ಆಗುವುದಿಲ್ಲ” ಎಂದೆ.

“ಕೆಂಚೇಶಂಗೆ ಒಂದ್ಸಲ ಫೋನ್ ಮಾಡಿ ಕೇಳ್ಲಾ? ಹೊನ್ನಾಳಿಯಾಗೇ ಇರ್ತಾನೆ, ಬಂದು ನೋಡ್ತಾನೆ.”

“ಅವನನ್ನೇನು ಕೇಳುತ್ತೀ? ಅವನು ಬಿಟ್ಟ ಸಡಿಲವನ್ನು ನಿನ್ನೆ ನಾನೇ ಸರಿಮಾಡಿದ್ದೇನೆ. ಹೋಗು.”

ಅವಳು ನಕ್ಕಳು. “ಆಯ್ತು ಬಿಡ್ರಿ, ಹೆಡ್ಮಾಸ್ಟ್ರು ಹೇಳಿದ ಮ್ಯಾಲೆ ಮುಗೀತು” ಎಂದು ಇಟ್ಟಳು.

ಹತ್ತು ಗಂಟೆ ಏಳು ನಿಮಿಷಕ್ಕೆ ಟ್ರ್ಯಾಕ್ಟರಿನವನು ಅವಳದೇ ಮೊಬೈಲಿನಿಂದ ನನಗೆ ಕರೆ ಮಾಡಿದ. ನಡುವೆ ಹದಿನೈದು ನಿಮಿಷ. ಆ ಹದಿನೈದು ನಿಮಿಷ ನಾನು ಜಗಲಿಯಲ್ಲಿ ಕುಳಿತು ಪತ್ರಿಕೆಯಲ್ಲಿನ ಅಚ್ಚಿನ ತಪ್ಪುಗಳಿಗೆ ಗುರುತು ಹಾಕುತ್ತಿದ್ದೆ.

ಅವಳು ನಿನ್ನನ್ನು ಕೇಳುತ್ತೇನೆ ಎಂದಿದ್ದಳು. ನೀನು ಬರುತ್ತಿದ್ದೆ. ಹೊನ್ನಾಳಿಯಿಂದ ಎಷ್ಟು ದೂರ? ಬಂದು, ಚಕ್ರ ಮುಟ್ಟಿ, ಎರಡು ನಟ್ಟು ಸಡಿಲಿಸಿ, ತಣ್ಣಗಾಗುವವರೆಗೆ ಅವಳನ್ನು ಕೂರಿಸುತ್ತಿದ್ದೆ. ತಡೆದವನು ನಾನು. ಅದೇ ವಾರ ಠಾಣೆಯಲ್ಲಿ ಕುಳಿತು ನಿನ್ನ ಹೆಸರನ್ನು ಕಾಗುಣಿತ ತಪ್ಪದಂತೆ ಬರೆಸಿದೆ. ಪೊಲೀಸರು ಯಾರು ಹೊಂದಿಸಿದರು ಎಂದು ಕೇಳಿದಾಗ ನನ್ನ ಬಾಯಿಗೆ ಬರಬೇಕಾದ ಹೆಸರು ನಿನ್ನದಾಗಿರಲಿಲ್ಲ.

ಮೊನ್ನೆ, ಮಂಗಳವಾರ ಬೆಳಿಗ್ಗೆ, ಇದನ್ನೆಲ್ಲ ಶಂಕ್ರಮ್ಮನಿಗೆ ಹೇಳಿದೆ. ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ ಹೇಳಿದಳು:

“ನಂಗೊತ್ತು. ಅವತ್ತು ನಾನು ಒಳಗೆ ಅಕ್ಕಿ ಆರಿಸ್ತಾ ಕುಂತಿದ್ದೆ. ನೀವು ಫೋನಾಗೆ ಅಂದಿದ್ದೆಲ್ಲಾ ಕೇಳ್ತು.”

“ಏಳು ತಿಂಗಳು ಗೊತ್ತಿದ್ದೂ ಏಕೆ ಹೇಳಲಿಲ್ಲ?”

“ನಿಮ್ಮ ಬಾಯಾಗೇ ಬರ್ಲಿ ಅಂತ ಕಾದೆ. ನಿಮಗೆ ಇನ್ನೊಬ್ರು ಹೇಳಿದ್ದು ಯಾವತ್ತು ನಾಟೈತೆ?”

ಮದುವೆಯಾದ ನಲವತ್ತೊಂದು ವರ್ಷಗಳಲ್ಲಿ ಅವಳು ನನ್ನನ್ನು ತಿದ್ದಿದ್ದು ಅದೇ ಮೊದಲು.

ಅಳಿಯನನ್ನು ಅದೇ ಮಧ್ಯಾಹ್ನ ಕರೆಸಿ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಮೇಲಾಗಿತ್ತು. ಎದ್ದು ನಿಂತು, “ಅತ್ತೆ, ಮಾಲಾನ ನೋಡ್ಕಳಾಕೆ ಯಾರೂ ಇಲ್ಲ. ನೀವು ಬರ್ರಿ. ಇನ್ನು ಮಗೂನ ಈ ಮನೀಗೆ ಕಳ್ಸಲ್ಲ” ಎಂದರು. ಶಂಕ್ರಮ್ಮ ಎರಡು ಸೀರೆ ಮಡಚಿ ಚೀಲಕ್ಕೆ ಹಾಕಿದಳು. ಸೊಪ್ಪಿನ ಸಾರು ಒಲೆಯ ಮೇಲಿದೆ, ಕುದಿ ಬಂದ ಮೇಲೆ ಉಪ್ಪು ಹಾಕಿಕೊಳ್ಳಿ ಎಂದು ಹೇಳಿ ಹೊರಟಳು. ಹೋಗಬೇಡ ಎನ್ನುವ ಹಕ್ಕು ನನಗಿರಲಿಲ್ಲ.

ನಿನ್ನೆ ಹೊನ್ನಾಳಿಗೆ ಹೋಗಿ ಸರ್ಕಾರಿ ವಕೀಲರನ್ನು ಕಂಡೆ. ಪೂರ್ವದ ಹೇಳಿಕೆಗೆ ತಿದ್ದುಪಡಿ ಎಂದು ನಾಲ್ಕು ಪುಟ ಬರೆದು ಕೊಟ್ಟೆ: ಒಂಬತ್ತರ ಸಂಜೆಯ ನಟ್ಟು, ಹತ್ತರ ಬೆಳಗಿನ ಕರೆ, ಕರೆಯ ಸಮಯ, ಆಡಿದ ಮಾತು. ಅವರು ಓದಿ, “ಸಾರ್, ಇದನ್ನ ಕೊಟ್ರೆ ಆ ಹುಡುಗ ಬಿಡುಗಡೆ ಆಗ್ತಾನೆ, ನೀವು ಸಿಕ್ಕಿ ಬೀಳ್ತೀರಿ. ಇನ್ನೊಂದ್ಸಲ ಯೋಚ್ನೆ ಮಾಡ್ರಿ. ನೀವೂ ಮಗಳನ್ನ ಕಳ್ಕಂಡೋರು” ಎಂದರು. ಕಳೆದುಕೊಂಡೆ ಎಂಬ ಮಾತು ನನಗೆ ಸಲ್ಲುವುದಿಲ್ಲ ಎಂದೆ. ಅವರು ಪುಟಗಳಿಗೆ ಮೊಹರು ಹಾಕಿ ಒಂದು ಪ್ರತಿಯನ್ನು ಹಿಂದಕ್ಕೆ ಕೊಟ್ಟರು. ಅದನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಇದು ಕೈಸೇರಿದ ದಿನವೇ ವಕೀಲರಿಗೆ ತಲುಪಿಸು. ತಪ್ಪೊಪ್ಪಿಗೆಯ ಯಾವ ಕಾಗದಕ್ಕೂ ಸಹಿ ಹಾಕಕೂಡದು. ನಿನ್ನ ತಾಯಿಗೆ ನನ್ನ ನಮಸ್ಕಾರ ತಿಳಿಸು. ಫೆಬ್ರವರಿಯ ನಿನ್ನ ಪ್ರಶ್ನೆಗೆ ನಾನು ಬರೆದ ಉತ್ತರವನ್ನು ಅವರು ಸರಿಯಾಗಿಯೇ ಓದಿದ್ದರು.

ನ್ಯಾಮತಿ ಬಸ್ ನಿಲ್ದಾಣದ ಫಲಕದ ಬಳಿ, ಹೊನ್ನಾಳಿಯಲ್ಲಿ ನಿನ್ನ ಮುಚ್ಚಿದ ಬಾಗಿಲಿನ ಮೇಲೆ, ಎಲ್ಲಿ ಬೇಕೋ ಅಲ್ಲಿ ಅಂಟಿಸಲು ಇದರದೇ ಸಂಕ್ಷಿಪ್ತ ಪ್ರತಿಗಳನ್ನು ನನ್ನ ಹೆಸರು, ಸಹಿಯೊಂದಿಗೆ ಮಾಡಿಸಿದ್ದೇನೆ. ಹತ್ತು ವರ್ಷದ ಗ್ಯಾರೇಜು ಇದರಿಂದ ಮರಳುತ್ತದೆಯೆಂದು ನಾನು ನಂಬಿಲ್ಲ. ಗೋಣಿಚೀಲದಲ್ಲಿ ಎಂಜಿನ್ ತುಂಬಿಸಿಕೊಂಡು ಹೋದವರು ಪುನಃ ಬರುವರೆಂದೂ ನಂಬಿಲ್ಲ. ಕ್ಷಮಿಸು ಎಂದು ಬರೆಯುವುದು ಸುಲಭ. ಅದಕ್ಕೆ ನೀನು ಉತ್ತರ ಕೊಡಬೇಕಾಗುತ್ತದೆ. ಆ ಕೆಲಸವನ್ನು ನಿನ್ನ ಮೇಲೆ ಹೊರಿಸುವುದಿಲ್ಲ. ಈ ಪತ್ರಕ್ಕೂ ಉತ್ತರ ಬರೆಯಬೇಡ.

ಹದಿನಾಲ್ಕನೆಯ ತಾರೀಕು ಬೆಳಿಗ್ಗೆ ನಾನು ಕೋರ್ಟಿಗೆ ಬರುತ್ತೇನೆ. ನೀನು ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತೀಯೆ, ಪಕ್ಕದಲ್ಲಿ ನಿನ್ನ ತಾಯಿ ಇರಬಹುದು. ನನ್ನನ್ನು ಕಂಡೊಡನೆ ಎದ್ದು ನಿಲ್ಲಬೇಡ, ಕೆಂಚ. ಕುಳಿತೇ ಇರು.

ವಿರೂಪಾಕ್ಷಪ್ಪ
ಆಗಸ್ಟ್ 7, 2025, ಗುರುವಾರ
ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ